ದ್ವೇಷಕ್ಕೆ ಯಾವ ಕಲಂ?

ಬಬಲೇಶ್ವರದ ಸಂತೆಯಲ್ಲಿ ಒಬ್ಬ ಇನ್ನೊಬ್ಬನ ಕಪಾಳಕ್ಕೆ ಹೊಡೆದ ಎಂದುಕೊಳ್ಳಿ. ಗಾಯ ದೊಡ್ಡದಲ್ಲ, ರಕ್ತ ಬಂದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ ಪ್ರಕಾರ ಇದಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಯನ್ನೇ ಆರಂಭಿಸುವಂತಿಲ್ಲ.

ಈಗ ಪೆಟ್ಟು ತಿಂದವನು ದಲಿತ, ಹೊಡೆದವನು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವನು. ನಾಲ್ಕು ಜನ ನೋಡುತ್ತಿರುವಾಗ ಜಾತಿ ಎತ್ತಿ ಬೈದು ಹೊಡೆದಿದ್ದಾನೆ. ಆಗ ಪ್ರಕರಣದ ಸ್ವರೂಪವೇ ಬೇರೆ. ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಶಿಕ್ಷೆ, ಎಫ್‌ಐಆರ್ ಕಡ್ಡಾಯ, ತನಿಖೆಗೆ ಡಿವೈಎಸ್‌ಪಿ, ವಿಚಾರಣೆಗೆ ವಿಶೇಷ ನ್ಯಾಯಾಲಯ.

ಇನ್ನೊಂದು ಸಂಗತಿ ನೋಡಿ. ಹೊಡೆದವನದು ಒಂದು ಧರ್ಮ, ತಿಂದವನದು ಇನ್ನೊಂದು. ‘ನಿಮ್ಮವರನ್ನು ಕಂಡರೇ ಆಗದು’ ಎಂದು ಕೂಗುತ್ತಲೇ ಹೊಡೆದಿದ್ದಾನೆ. ಕೂಗಿದ ಮಾತಿಗೆ ಬೇರೆ ಕಲಂ ಹುಡುಕಬಹುದು. ಆದರೆ ಕಪಾಳಕ್ಕೆ ಬಿದ್ದ ಪೆಟ್ಟು ಕಾನೂನಿನ ಲೆಕ್ಕದಲ್ಲಿ ಬರೀ ಪೆಟ್ಟೇ. ಅದರ ಹಿಂದಿನ ದ್ವೇಷಕ್ಕೆಂದು ಶಿಕ್ಷೆ ಒಂದು ದಿನವೂ ಹೆಚ್ಚುವುದಿಲ್ಲ. ಇದೇ ಪೆಟ್ಟು ಇಂಗ್ಲೆಂಡಿನಲ್ಲಿ ಬಿದ್ದಿದ್ದರೆ, ಅಲ್ಲಿನ 1998ರ ಕಾಯ್ದೆಯಡಿ, ಜನಾಂಗ ಅಥವಾ ಧರ್ಮದ ದ್ವೇಷ ಸಾಬೀತಾದಾಗ ಆರು ತಿಂಗಳ ಅಪರಾಧ ಎರಡು ವರ್ಷದ್ದಾಗುತ್ತದೆ.

ದ್ವೇಷದ ಅಪರಾಧಕ್ಕೆ ನಮ್ಮಲ್ಲಿ ಕಾನೂನಿನ ಕೊರತೆ ಇದೆ ಎನ್ನುವುದು ಪೂರ್ತಿ ನಿಜವಲ್ಲ. ಕಾನೂನುಗಳಿವೆ, ಆದರೆ ಚದುರಿ ಬಿದ್ದಿವೆ. ಜಾತಿಗೆ ಒಂದು ಕಾಯ್ದೆ, ಮಾತಿಗೆ ಕೆಲವು ಕಲಂ, ಗುಂಪಿಗೆ ಎರಡು ಉಪಕಲಂ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಇವುಗಳ ಜೊತೆಗೆ ರಾಜ್ಯದ್ದೇ ಒಂದು ವಿಧೇಯಕವೂ ಬಂತು. ಯಾವುದು ಎಲ್ಲಿ ಹತ್ತುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ವಿಜಯಪುರ, ತಿಕೋಟಾ, ಬಬಲೇಶ್ವರದ ನೆಲದ ಮೇಲಿಟ್ಟು ನೋಡೋಣ.

‘ಅಟ್ರಾಸಿಟಿ’ ಎಂಬ ಗಟ್ಟಿ ಕಾನೂನು

ಹಳ್ಳಿಯಲ್ಲಿ ಯಾರೂ ‘ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989’ ಎಂದು ಉದ್ದಕ್ಕೆ ಹೇಳುವುದಿಲ್ಲ. ‘ಅಟ್ರಾಸಿಟಿ ಹಾಕ್ಯಾರ’ ಎಂದರೆ ಎಲ್ಲರಿಗೂ ಗೊತ್ತು. ಭಾರತದಲ್ಲಿ ದ್ವೇಷದ ಅಪರಾಧವನ್ನು ನಿಜವಾದ ಅರ್ಥದಲ್ಲಿ ವರ್ಗೀಕರಿಸಿ, ಅದಕ್ಕೆಂದೇ ಶಿಕ್ಷೆ ಹೆಚ್ಚಿಸಿದ ಕಾನೂನು ಇದು.

ಇದು ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಸಾಮಾನ್ಯ ದಂಡಸಂಹಿತೆಯ ಕಣ್ಣಿಗೆ ಬೀಳದ ಕೃತ್ಯಗಳನ್ನು ಅಪರಾಧ ಎಂದು ಹೆಸರಿಸುತ್ತದೆ. ಬಾಯಿಗೆ ಹೊಲಸು ತುರುಕುವುದು, ಚಪ್ಪಲಿ ಹಾರ ಹಾಕುವುದು, ಮೆರವಣಿಗೆಗೆ ಅಥವಾ ಗುಡಿ ಪ್ರವೇಶಕ್ಕೆ ಅಡ್ಡಿ, ಸಾಮಾಜಿಕ ಬಹಿಷ್ಕಾರ ಎಲ್ಲವೂ ಮೂರನೇ ಕಲಮಿನಲ್ಲಿವೆ. ಎರಡನೆಯದಾಗಿ, ದಂಡಸಂಹಿತೆಯ ಅಪರಾಧಗಳಿಗೇ ಭಾರ ಸೇರಿಸುತ್ತದೆ. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧವನ್ನು, ಎದುರಿನವರು ಪರಿಶಿಷ್ಟರು ಎಂದು ತಿಳಿದೂ ಎಸಗಿದರೆ ಜೀವಾವಧಿ. ಮೊದಲು ‘ಪರಿಶಿಷ್ಟರು ಎಂಬ ಕಾರಣಕ್ಕೇ’ ಅಪರಾಧ ನಡೆದಿದೆ ಎಂದು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಿತ್ತು. ಎದೆಯೊಳಗಿನ ಕಾರಣವನ್ನು ಕೋರ್ಟಿನ ಕಟಕಟೆಗೆ ತರುವುದು ಹೇಗೆ? 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ಈ ಗಂಟನ್ನು ಸಡಿಲಿಸಿತು. ಈಗ ‘ತಿಳಿದಿದ್ದರೆ’ ಸಾಕು. ಆರೋಪಿಗೆ ಸಂತ್ರಸ್ತರ ಅಥವಾ ಅವರ ಕುಟುಂಬದ ಪರಿಚಯವಿದ್ದರೆ ಜಾತಿಯೂ ಗೊತ್ತಿತ್ತು ಎಂದೇ ನ್ಯಾಯಾಲಯ ಭಾವಿಸುತ್ತದೆ. ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಓಣಿ ಓಣಿಗೂ ಜಾತಿಯ ಗುರುತಿರುವ ನಮ್ಮ ಹಳ್ಳಿಗಳಿಗೆ ಇದು ಹೇಳಿ ಮಾಡಿಸಿದ ನಿಯಮ.

ಕಾಯ್ದೆ ಗಟ್ಟಿಯಾಗಿದ್ದರೂ ಫಲ ಒಂದೇ ಸಮನಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ವಿಧಿಸಿತು. ಇನ್ನೂ ಮೂವರಿಗೆ ಸಿಕ್ಕಿದ್ದು ಐದು ವರ್ಷ. ಆ ಮೂವರು ಸ್ವತಃ ಪರಿಶಿಷ್ಟರಾಗಿದ್ದರಿಂದ ಅವರಿಗೆ ದೌರ್ಜನ್ಯ ತಡೆ ಕಾಯ್ದೆ ಹತ್ತಲಿಲ್ಲ. ಕೃತ್ಯ ಒಂದೇ, ಗುಂಪು ಒಂದೇ. ಅಪರಾಧಿಯ ಜಾತಿ ಪ್ರಮಾಣಪತ್ರವೇ ಶಿಕ್ಷೆಯನ್ನು ಬದಲಿಸಿತು. ಕೆಲವೇ ವಾರಗಳಲ್ಲಿ ಧಾರವಾಡ ಹೈಕೋರ್ಟ್ ಪೀಠ ಬಹುತೇಕರಿಗೆ ಜಾಮೀನು ನೀಡಿತು. ಮೇಲ್ಮನವಿಯ ದಾರಿ ಎಷ್ಟು ಉದ್ದವೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ಜಿಲ್ಲೆಯೂ ಹೊರತಲ್ಲ. 2020ರ ಜುಲೈನಲ್ಲಿ ತಾಳಿಕೋಟಿ ತಾಲ್ಲೂಕಿನ ಮಿಣಜಗಿಯಲ್ಲಿ ಮೇಲ್ಜಾತಿಯವರ ಬೈಕ್ ಮುಟ್ಟಿದ ಎಂದು ದಲಿತನೊಬ್ಬನನ್ನು ಬಟ್ಟೆ ಬಿಚ್ಚಿಸಿ ಥಳಿಸಿದ ಪ್ರಕರಣ ದೇಶದ ಸುದ್ದಿಯಾಯಿತು. ಘಟನೆಯ ಮೊಬೈಲ್ ವಿಡಿಯೊ ಇಲ್ಲದಿದ್ದರೆ ಅದು ತಾಳಿಕೋಟಿ ದಾಟುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಗಡಿ ದಾಟಿದರೆ ಜಾತಿ ಉಳಿಯುತ್ತದೆಯೇ?

ತಿಕೋಟಾ ತಾಲ್ಲೂಕು ಮುಗಿದಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು ಆರಂಭ. ದ್ರಾಕ್ಷಿ ತೋಟದ ಕೆಲಸ, ಕಬ್ಬು ಕಟಾವು, ಬೀಗತನ ಎಂದು ಜನ ದಿನವೂ ಅತ್ತ ಇತ್ತ ಓಡಾಡುತ್ತಾರೆ. ತಾಂಡಾಗಳು ಎರಡೂ ಕಡೆ ಇವೆ. ಆದರೆ ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಕರ್ನಾಟಕದೊಳಗೂ ಈ ಮಾನ್ಯತೆ ಒಮ್ಮೆಗೇ ಬಂದದ್ದಲ್ಲ. ಹಳೆ ಮೈಸೂರಿನ ಲಂಬಾಣಿಗರು ಮೊದಲೇ ಪಟ್ಟಿಯಲ್ಲಿದ್ದರು. ಮುಂಬೈ ಪ್ರಾಂತದಿಂದ ಬಂದ ವಿಜಾಪುರ ಜಿಲ್ಲೆಯವರಿಗೆ ಆ ಮಾನ್ಯತೆ ಸಿಕ್ಕಿದ್ದು 1976ರ ತಿದ್ದುಪಡಿ ಪ್ರಾದೇಶಿಕ ಮಿತಿಗಳನ್ನು ತೆಗೆದ ಮೇಲೆ, 1977ರಲ್ಲಿ.

ಹಾಗಾದರೆ ನಮ್ಮ ತಾಂಡಾದವನೊಬ್ಬ ಜತ್ತದಲ್ಲಿ ಜಾತಿ ನಿಂದನೆಗೆ ಒಳಗಾದರೆ? ಮೀಸಲಾತಿಗೆ ರಾಜ್ಯದ ಗಡಿ ಉಂಟು. ಆದರೆ ದೌರ್ಜನ್ಯದಿಂದ ರಕ್ಷಣೆ ಪಡೆಯಲು ಆ ಗಡಿ ಅಡ್ಡ ಬರಬಾರದು, ತವರು ರಾಜ್ಯದಲ್ಲಿ ಪರಿಶಿಷ್ಟನಾದವನಿಗೆ ಬೇರೆ ರಾಜ್ಯದಲ್ಲೂ ಈ ಕಾಯ್ದೆಯ ಆಸರೆ ಇದೆ ಎಂದು ಬಾಂಬೆ ಹೈಕೋರ್ಟ್‌ನ ಪೂರ್ಣಪೀಠ ಹೇಳಿದೆ. ಗಡಿಯ ಠಾಣೆಗಳಲ್ಲಿ ‘ನಿಮ್ಮ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ’ ಎಂದು ಯಾರಾದರೂ ಅಂದರೆ ಈ ತೀರ್ಪನ್ನು ನೆನಪಿಸಬೇಕು.

ಹೊನವಾಡದ ನೋಟಿಸ್, ಹಾವೇರಿಯ ಎಫ್‌ಐಆರ್

ಧರ್ಮದ ವಿಷಯಕ್ಕೆ ಬಂದರೆ ಕಾನೂನು ಹೆಚ್ಚಾಗಿ ಹಿಡಿಯುವುದು ಮಾತನ್ನು. ಧರ್ಮ, ಜನಾಂಗ, ಹುಟ್ಟಿದ ಸ್ಥಳ, ವಾಸಸ್ಥಳ, ಭಾಷೆ, ಜಾತಿ, ಸಮುದಾಯದ ಹೆಸರಲ್ಲಿ ಗುಂಪುಗಳ ನಡುವೆ ವೈರ ಬಿತ್ತಿದರೆ ಸಂಹಿತೆಯ 196ನೇ ಕಲಂ. ಮೂರು ವರ್ಷದವರೆಗೆ ಶಿಕ್ಷೆ, ಪ್ರಾರ್ಥನಾ ಸ್ಥಳದಲ್ಲಾದರೆ ಐದು. ಇದು ಬ್ರಿಟಿಷರು 1898ರಲ್ಲಿ ದಂಡಸಂಹಿತೆಗೆ ಸೇರಿಸಿದ ಹಳೆಯ 153ಎ. ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದಕ್ಕೆ 299ನೇ ಕಲಂ. ಅದು 1927ರ 295ಎ. ಸುಳ್ಳು ಸುದ್ದಿ, ವದಂತಿಯಿಂದ ದ್ವೇಷ ಹುಟ್ಟಿಸುವುದಕ್ಕೆ 353(2).

2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡ ಇಡೀ ರಾಜ್ಯದ ಬಾಯಲ್ಲಿತ್ತು. ಸುಮಾರು 1,200 ಎಕರೆ ವಕ್ಫ್ ಪಾಲಾಗುತ್ತಿದೆ ಎಂಬ ಆತಂಕದಲ್ಲಿ ರೈತರು ಜಿಲ್ಲಾಡಳಿತದ ಕದ ತಟ್ಟಿದರು. ಬಬಲೇಶ್ವರದ ಶಾಸಕರೂ ಜಿಲ್ಲಾ ಉಸ್ತುವಾರಿ ಸಚಿವರೂ ಆದ ಎಂ.ಬಿ. ಪಾಟೀಲ, ಅಲ್ಲಿ ವಕ್ಫ್ ಆಸ್ತಿ ಇರುವುದು 11 ಎಕರೆ ಮಾತ್ರ, ಉಳಿದದ್ದು ಹಳೆಯ ಅಧಿಸೂಚನೆಯ ತಪ್ಪು ಎಂದರು. ರೈತರಿಗೆ ಹೋಗಿದ್ದ ನೋಟಿಸ್‌ಗಳನ್ನು ಹಿಂಪಡೆಯಲು ಮುಖ್ಯಮಂತ್ರಿಯವರು ಆದೇಶಿಸಿದರು. ವಕ್ಫ್ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷ ಜಗದಂಬಿಕಾ ಪಾಲ್ ನವೆಂಬರ್‌ನಲ್ಲಿ ವಿಜಯಪುರಕ್ಕೆ ಬಂದು ರೈತರ ಅಹವಾಲು ಕೇಳಿದರು. ಹೊಲದ ಉತಾರದ ಬಗ್ಗೆ ರೈತನಿಗಿದ್ದ ಭಯ ದ್ವೇಷವಲ್ಲ. ಅದು ನ್ಯಾಯವಾದ ಅಹವಾಲು. ಅದನ್ನೇ ಹಿಡಿದು ನೆರೆಯ ಸಮುದಾಯವನ್ನು ಶತ್ರು ಎಂದು ಸಾರುವುದು ಬೇರೆ ಕೃತ್ಯ. ಈ ಎರಡರ ನಡುವೆ ಗೆರೆ ಎಳೆಯುವುದೇ ದ್ವೇಷ ಭಾಷಣದ ಕಾನೂನಿನ ಕೆಲಸ. ಆ ಗೆರೆ ಎಳೆಯುವುದು ಸುಲಭವಲ್ಲ.

ಹಾವೇರಿ ಜಿಲ್ಲೆಯ ರೈತನೊಬ್ಬನ ಆತ್ಮಹತ್ಯೆಗೆ ವಕ್ಫ್ ವಿವಾದ ಕಾರಣ ಎಂಬ ಸುದ್ದಿ ಹಂಚಿಕೊಂಡ ಸಂಸದ ತೇಜಸ್ವಿ ಸೂರ್ಯ ಅವರ ಮೇಲೆ 2024ರ ನವೆಂಬರ್‌ನಲ್ಲಿ 353(2)ರಡಿ ಎಫ್‌ಐಆರ್ ಆಯಿತು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದಾಗ, 2025ರ ಜುಲೈನಲ್ಲಿ ಅಲ್ಲೂ ಅರ್ಜಿ ವಜಾ ಆಯಿತು. ಸುದ್ದಿ ತಪ್ಪು ಎಂದ ಮಾತ್ರಕ್ಕೆ ದ್ವೇಷದ ಉದ್ದೇಶ ಸಾಬೀತಾಗದು ಎಂಬುದು ಇಲ್ಲಿ ಕಲಿಯಬೇಕಾದ ಪಾಠ.

ವಿಜಯಪುರ ನಗರ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರ ಭಾಷಣಗಳ ಮೇಲೂ ರಾಜ್ಯದ ಬೇರೆ ಬೇರೆ ಠಾಣೆಗಳಲ್ಲಿ ಪ್ರಕರಣ ದಾಖಲಾಗಿವೆ. ದಾಖಲಾದ ಪ್ರಕರಣ ಆರೋಪವಷ್ಟೇ, ತೀರ್ಪಲ್ಲ. ಇಂಥ ಪ್ರಕರಣಗಳು ತೀರ್ಪಿನವರೆಗೆ ಮುಟ್ಟುವುದು ಅಪರೂಪವಾಗಿರಲು ಒಂದು ತಾಂತ್ರಿಕ ಕಾರಣವೂ ಇದೆ. 196 ಮತ್ತು 299ನೇ ಕಲಂಗಳಡಿ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಅನುಮತಿ ಕೊಡುವವರು ಆಳುವವರು. ಹೀಗಾಗಿ ಸರ್ಕಾರ ಬದಲಾದಂತೆ ಕಡತಗಳ ವೇಗವೂ ಬದಲಾಗುತ್ತದೆ. ದ್ವೇಷ ಭಾಷಣ ಕೇಳಿಬಂದರೆ ದೂರಿಗೆ ಕಾಯದೆ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿ, ಭಾಷಣಕಾರನ ಧರ್ಮ ನೋಡಬೇಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೇಳಿತು. ದಾಖಲಿಸುವ ಹೊಣೆ ಪೊಲೀಸರದಾಯಿತು. ಅನುಮತಿಯ ಕೀಲಿ ಮಾತ್ರ ಇದ್ದಲ್ಲೇ ಇದೆ.

ಐದು ಜನರ ಲೆಕ್ಕ

2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆ ಗುಂಪುಹತ್ಯೆಗೆ ಮೊದಲ ಬಾರಿ ಪ್ರತ್ಯೇಕ ಜಾಗ ಕೊಟ್ಟಿತು. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಕೊಂದರೆ 103(2). ತೀವ್ರವಾಗಿ ಗಾಯಗೊಳಿಸಿದರೆ 117(4). ಪಟ್ಟಿಯನ್ನು ಮತ್ತೊಮ್ಮೆ ಓದಿ. ಧರ್ಮ ಎಂಬ ಪದ ಅದರಲ್ಲಿಲ್ಲ. ‘ಸಮುದಾಯ’, ‘ವೈಯಕ್ತಿಕ ನಂಬಿಕೆ’ ಎಂಬುದರೊಳಗೆ ಅದನ್ನು ಸೇರಿಸಿ ವಾದಿಸಬೇಕು.

ಶಿಕ್ಷೆಯ ಲೆಕ್ಕ ಇನ್ನೂ ವಿಚಿತ್ರ. ಸಾಮಾನ್ಯ ಕೊಲೆಗೆ ಗಲ್ಲು ಅಥವಾ ಜೀವಾವಧಿ. ದ್ವೇಷದ ಗುಂಪುಹತ್ಯೆಗೂ ಗಲ್ಲು ಅಥವಾ ಜೀವಾವಧಿ. ಸಾಮಾನ್ಯ ತೀವ್ರ ಗಾಯಕ್ಕೆ ಏಳು ವರ್ಷದವರೆಗೆ. ದ್ವೇಷದ ಗುಂಪು ಮಾಡಿದರೂ ಏಳು ವರ್ಷದವರೆಗೆ. ಹೆಸರು ಸಿಕ್ಕಿತು, ಭಾರ ಹೆಚ್ಚಲಿಲ್ಲ. ಗುಂಪಿನ ಪ್ರತಿಯೊಬ್ಬನೂ ಹೊಣೆ ಎಂಬುದನ್ನು ಒಂದೇ ಕಡೆ ಬರೆದದ್ದಷ್ಟೇ ಲಾಭ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯದ ಮೈದಾನದ ಬಳಿ ಕೇರಳದ ವ್ಯಕ್ತಿಯೊಬ್ಬನನ್ನು ಗುಂಪು ಹೊಡೆದು ಕೊಂದಾಗ ಈ 103(2) ಕರ್ನಾಟಕದಲ್ಲಿ ಬಳಕೆಗೆ ಬಂತು.

ಐದಕ್ಕಿಂತ ಕಡಿಮೆ ಜನರಿದ್ದರೆ ಈ ಕಲಂ ಇಲ್ಲ. ವಿಜಯಪುರ ಜಿಲ್ಲೆಯ ಮಣ್ಣಿನ ಮಗ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ವಿಚಾರಕ್ಕಾಗಿ ನಡೆದ ಹತ್ಯೆ ಎಂದು ನಾಡೆಲ್ಲ ಮಾತಾಡಿತು. ಅಂದಿನ ದಂಡಸಂಹಿತೆಗೆ ಅದು ಕೊಲೆ, ಅಷ್ಟೇ. ಕೊಲೆಯ ಹಿಂದಿನ ದ್ವೇಷ ಆರೋಪಪಟ್ಟಿಯಲ್ಲಿ ‘ಉದ್ದೇಶ’ ಎಂಬ ವಿವರಣೆಯಾಗಿ ಬರಬಹುದು; ಅಪರಾಧದ ಹೆಸರಾಗಿ ಬರುವುದಿಲ್ಲ.

ಮದುವೆ ಎಂಬ ಕಾರಣ

ಜಾತಿ, ಧರ್ಮ ಎರಡೂ ಸೇರಿ ಹಗೆಯಾಗುವ ಜಾಗ ಮದುವೆ. 2017ರ ಜೂನ್‌ನಲ್ಲಿ ಮುದ್ದೇಬಿಹಾಳ ಸೀಮೆಯ ಗುಂಡಕನಾಳದಲ್ಲಿ ದಲಿತ ಯುವಕನನ್ನು ಮದುವೆಯಾದ ಮುಸ್ಲಿಂ ಯುವತಿಯನ್ನು, ತುಂಬು ಗರ್ಭಿಣಿಯನ್ನು, ಹೆತ್ತ ಮನೆಯವರೇ ಸುಟ್ಟು ಕೊಂದರು. 2024ರ ಮೇ ತಿಂಗಳಲ್ಲಿ ವಿಜಯಪುರದ ನ್ಯಾಯಾಲಯ ಇಬ್ಬರಿಗೆ ಗಲ್ಲು, ಐವರಿಗೆ ಜೀವಾವಧಿ ವಿಧಿಸಿತು. 2021ರ ಜೂನ್‌ನಲ್ಲಿ ದೇವರಹಿಪ್ಪರಗಿ ತಾಲ್ಲೂಕಿನ ಸಲಾದಹಳ್ಳಿಯಲ್ಲಿ ದಲಿತ ಯುವಕ ಮತ್ತು ಮುಸ್ಲಿಂ ಯುವತಿ ಇಬ್ಬರನ್ನೂ ಕಲ್ಲಿನಿಂದ ಜಜ್ಜಿ ಕೊಲ್ಲಲಾಯಿತು.

ಇಂಥಲ್ಲಿ ಕಾನೂನಿನ ಬಿರುಕು ಕಾಣುತ್ತದೆ. ದೌರ್ಜನ್ಯ ತಡೆ ಕಾಯ್ದೆ ರಕ್ಷಿಸುವುದು ಪರಿಶಿಷ್ಟರನ್ನು. ಅಳಿಯ ದಲಿತನೆಂಬ ಸಿಟ್ಟಿಗೆ ಬಲಿಯಾದ ಮಗಳು ಪರಿಶಿಷ್ಟಳಲ್ಲ. ಜಾತಿದ್ವೇಷವೇ ಅವಳನ್ನು ಕೊಂದಿದ್ದರೂ ಅವಳ ಸಾವು ಆ ಕಾಯ್ದೆಯ ಲೆಕ್ಕಕ್ಕೆ ಸುಲಭವಾಗಿ ಬರುವುದಿಲ್ಲ. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ, ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ನಡೆದ ಮದುವೆ ಕಲ್ಯಾಣವನ್ನೇ ಅಲುಗಿಸಿತೆಂಬ ಕಥೆ ಕೇಳುತ್ತ ಬೆಳೆದ ಜನರ ನಡುವೆ, ಈ ಬಿರುಕು ಹಾಗೇ ಉಳಿದಿದೆ.

ಬೆಳಗಾವಿಯಲ್ಲಿ ಒಪ್ಪಿದ ವಿಧೇಯಕ

ಕಾನೂನು ಆಯೋಗ ತನ್ನ 267ನೇ ವರದಿಯಲ್ಲಿ, 2017ರಲ್ಲೇ, ದ್ವೇಷ ಭಾಷಣಕ್ಕೆ ಹೊಸ ಕಲಂ ಬೇಕೆಂದು ಶಿಫಾರಸು ಮಾಡಿತ್ತು. ಕೇಂದ್ರ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2025ರ ಡಿಸೆಂಬರ್‌ನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ‘ಕರ್ನಾಟಕ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳ (ತಡೆ) ವಿಧೇಯಕ’ ಮಂಡಿಸಿದರು. ಗದ್ದಲದ ನಡುವೆ ಎರಡೂ ಸದನಗಳು ಒಪ್ಪಿದವು. ಮೊದಲ ಅಪರಾಧಕ್ಕೆ ಒಂದರಿಂದ ಏಳು ವರ್ಷ ಜೈಲು ಮತ್ತು 50,000 ರೂಪಾಯಿ ದಂಡ. ಮರುಕಳಿಸಿದರೆ ಕನಿಷ್ಠ ಎರಡು ವರ್ಷ, ಒಂದು ಲಕ್ಷ ರೂಪಾಯಿ ದಂಡ. ಗರಿಷ್ಠ ಹತ್ತು ವರ್ಷವೆಂದಿದ್ದನ್ನು ಏಳಕ್ಕೆ ಇಳಿಸಲಾಯಿತು. ಜಾಮೀನುರಹಿತ ಅಪರಾಧ. ಧರ್ಮ, ಜಾತಿ, ಭಾಷೆಯ ಜೊತೆಗೆ ಲಿಂಗತ್ವ, ಲೈಂಗಿಕ ಒಲವು, ಅಂಗವೈಕಲ್ಯವೂ ಪಟ್ಟಿಯಲ್ಲಿವೆ. ಇದು ಸ್ವಾಗತಾರ್ಹ. ಸಂಘಟನೆ ತಪ್ಪು ಮಾಡಿದರೆ ಅದರ ಹೊಣೆ ಹೊತ್ತವರೂ ಉತ್ತರ ಕೊಡಬೇಕು. ಸಂತ್ರಸ್ತರಿಗೆ ಪರಿಹಾರವೂ ಉಂಟು.

ತಕರಾರುಗಳೂ ಇವೆ. ವಿರೋಧ ಪಕ್ಷ ಇದನ್ನು ಬಾಯಿ ಮುಚ್ಚಿಸುವ ಕಾನೂನು ಎಂದಿತು. ‘ಅಸಾಮರಸ್ಯ’, ‘ಕೆಟ್ಟ ಭಾವನೆ’ಯಂಥ ಸಡಿಲ ಪದಗಳಿಗೆ ಏಳು ವರ್ಷದ ಶಿಕ್ಷೆ ಜೋಡಿಸಿದಾಗ ಆ ಭಯ ಆಧಾರವಿಲ್ಲದ್ದೇನಲ್ಲ. ಇಂದು ಒಬ್ಬರ ಕೈಯಲ್ಲಿರುವ ಲಾಠಿ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಆದರೆ ನನಗೆ ಕಾಣುವ ದೊಡ್ಡ ಕೊರತೆ ಬೇರೆ. ಶೀರ್ಷಿಕೆಯಲ್ಲಿ ‘ದ್ವೇಷ ಅಪರಾಧ’ ಇದ್ದರೂ ವ್ಯಾಖ್ಯೆ ಸುತ್ತುವುದು ದ್ವೇಷದ ಮಾತನ್ನು ಹೇಳುವ, ಹರಡುವ, ಪ್ರಚೋದಿಸುವ ಕೃತ್ಯದ ಸುತ್ತಲೇ. ಧರ್ಮದ ಕಾರಣಕ್ಕೆ ಹೊಡೆದರೆ, ಅಂಗಡಿ ಸುಟ್ಟರೆ, ಆ ಹೊಡೆತಕ್ಕೆ ಹೆಚ್ಚುವರಿ ಭಾರವನ್ನು ಇದೂ ಕೊಡುವುದಿಲ್ಲ. ಬಬಲೇಶ್ವರ ಸಂತೆಯ ಆ ಮೂರನೇ ಕಪಾಳಮೋಕ್ಷಕ್ಕೆ ಇಲ್ಲಿಯೂ ಉತ್ತರವಿಲ್ಲ.

ಇನ್ನೊಂದು ಮಾತು. ಸದನ ಒಪ್ಪಿದ ಮಾತ್ರಕ್ಕೆ ವಿಧೇಯಕ ಠಾಣೆಗೆ ಬರುವುದಿಲ್ಲ. ರಾಜ್ಯಪಾಲರ ಅಂಕಿತ ಬೇಕು. ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ, ಕೇಂದ್ರದ ಕಾನೂನಿನೊಡನೆ ತಿಕ್ಕಾಟ ಬಂದಲ್ಲಿ ಉಳಿಯಲು ರಾಷ್ಟ್ರಪತಿಗಳ ಒಪ್ಪಿಗೆಯೂ ಬೇಕು.

ಮೊದಲ ದಿನದ ಬರಹ

ಶಿಕ್ಷೆಯ ವರ್ಷಗಳನ್ನು ಹೆಚ್ಚಿಸುವುದು ಸದನಕ್ಕೆ ಒಂದು ಮಧ್ಯಾಹ್ನದ ಕೆಲಸ. ಪ್ರಕರಣ ಗೆಲ್ಲುವುದು, ಸೋಲುವುದು ಠಾಣೆಯ ಮೊದಲ ದಿನದ ಬರಹದಲ್ಲಿ. ‘ಜಾತಿ ನಿಂದನೆ ಮಾಡಿದ’ ಎಂದಷ್ಟೇ ಬರೆದರೆ ಸಾಲದು. ಏನು ಅಂದ, ಯಾವ ಜಾಗದಲ್ಲಿ ಅಂದ, ಸುತ್ತ ಯಾರಿದ್ದರು ಎಂಬುದು ದೂರಿನಲ್ಲೇ ಬರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತಿಗೆ ನಿಂದನೆಯ ಕಲಂ ಹತ್ತದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಧರ್ಮ, ಭಾಷೆಯ ದ್ವೇಷದ ಪ್ರಕರಣವಾದರೂ ಅಷ್ಟೇ: ಹೊಡೆಯುವಾಗ ಆಡಿದ ಮಾತು ದೂರಿನಲ್ಲಿ ಇಲ್ಲದಿದ್ದರೆ ಆಮೇಲೆ ಸೇರಿಸಿದ್ದು ‘ಕಟ್ಟುಕಥೆ’ ಆಗುತ್ತದೆ.

ಅಟ್ರಾಸಿಟಿ ದೂರಿಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿ ಹೇಳುತ್ತದೆ. 60 ದಿನದೊಳಗೆ ತನಿಖೆ ಮುಗಿಯಬೇಕು. ಬೇಕೆಂದೇ ಕರ್ತವ್ಯ ಬಿಟ್ಟ ಪರಿಶಿಷ್ಟೇತರ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು. ಆರೋಪಿಯ ಜಾಮೀನು ಅರ್ಜಿ ಬಂದಾಗ ಸಂತ್ರಸ್ತರಿಗೆ ನೋಟಿಸ್ ಹೋಗಬೇಕು. ಪರಿಹಾರಧನ ಅಪರಾಧಕ್ಕೆ ತಕ್ಕಂತೆ 85,000ದಿಂದ 8.25 ಲಕ್ಷ ರೂಪಾಯಿವರೆಗೆ ಇದ್ದು, ಹಂತ ಹಂತವಾಗಿ ಸಿಗುತ್ತದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಸಮಿತಿ ಇದನ್ನೆಲ್ಲ ಪರಿಶೀಲಿಸಬೇಕು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ 2025ರಲ್ಲಿ 33 ಪ್ರತ್ಯೇಕ ಪೊಲೀಸ್ ಠಾಣೆಗಳೂ ಸಿಕ್ಕಿವೆ.

ಹಾಗಾಗಿ ತಿಕೋಟಾ, ಬಬಲೇಶ್ವರದ ಓದುಗರಲ್ಲಿ ಒಂದು ಮಾತು. ಊರ ಹಿರಿಯರು ರಾಜಿಗೆ ಕೂಡಿಸುವ ಮೊದಲು ದೂರು ಬರೆದು ಕೊಡಿ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಲೇಬೇಕು. ಠಾಣೆ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ದೌರ್ಜನ್ಯ ತಡೆ ಸಹಾಯವಾಣಿ 14566, ಉಚಿತ ಕಾನೂನು ನೆರವಿಗೆ 15100. ಕಣ್ಣಾರೆ ಕಂಡವರು ಸಾಕ್ಷಿ ಹೇಳಲು ಹಿಂಜರಿಯಬೇಡಿ. ಕಂಬಾಲಪಲ್ಲಿಯಲ್ಲಿ ಸೋತದ್ದು ಕಾಯ್ದೆಯಲ್ಲ, ಸಾಕ್ಷಿ.